ಬ್ರಿಟನ್ನಿನ ಮನೆಯಲ್ಲಿ ಅಮೆರಿಕದ ಅತಿಥಿ

ಅಮೆರಿಕದ ಸಂಯುಕ್ತ ಸಂಸ್ಥಾನಗಳಿಂದ ಬ್ರಿಟನ್ನಿಗೆ ವಾಸಕ್ಕೆಂದು ಹೋದವನಿಗೆ ಭಾಷೆಯ ತೊಡಕಿಲ್ಲ. ಓದುವ ಗ್ರಂಥಗಳು ಬಹುಮಟ್ಟಿಗೆ ಒಂದೇ, ನ್ಯಾಯಾಲಯದ ಪದ್ಧತಿಯ ಮೂಲವೂ ಒಂದೇ. ಆದುದರಿಂದ ತಾನು ನೆಂಟರ ಮನೆಗೆ ಹೋಗುತ್ತಿರುವೆನೆಂದೇ ಅವನು ಭಾವಿಸಿರುತ್ತಾನೆ. ಆದರೆ ಅಲ್ಲಿ ಕಾಲಿಟ್ಟ ಮೊದಲ ವಾರದಲ್ಲಿಯೇ ಅಚ್ಚರಿಗಳು ಒಂದರ ಹಿಂದೊಂದು ಎದುರಾಗುತ್ತವೆ. ದೀಪ ಹತ್ತಲೆಂದು ಗುಂಡಿಯನ್ನು ಮೇಲಕ್ಕೆ ಒತ್ತಿದರೆ ಅದು ಹತ್ತುವುದಿಲ್ಲ; ಕೆಳಕ್ಕೆ ಒತ್ತಬೇಕು. ಸ್ನಾನದ ಮನೆಯಲ್ಲಿ ಸಾಮಾನ್ಯ ಪ್ಲಗ್ಗನ್ನು ಸಿಕ್ಕಿಸಲು ಸ್ಥಳವೇ ಇಲ್ಲ. ಕೈ ತೊಳೆಯುವ ಬೋಗುಣಿಗೆ ಎರಡು ನಲ್ಲಿಗಳು. ಒಂದರಲ್ಲಿ ಸುಡುವ ನೀರು, ಇನ್ನೊಂದರಲ್ಲಿ ಕೊರೆಯುವ ನೀರು. ಮೊದಲನೆಯ ಅಂತಸ್ತಿಗೆ ಬರಹೇಳಿದರೆ ಒಂದು ಮಹಡಿಯನ್ನು ಹತ್ತಬೇಕು. ಅಮೆರಿಕದಲ್ಲಿ ನೆಲದ ಮಟ್ಟದ್ದೇ ಮೊದಲನೆಯದು. ಡಿಸೆಂಬರಿನಲ್ಲಿ ಲಂಡನ್ನಿನ ಗಡಿಯಾರಗಳು ಸಂಜೆಯ ನಾಲ್ಕು ಹೊಡೆಯುವ ಮೊದಲೇ ಸೂರ್ಯನು ಮುಳುಗಿರುತ್ತಾನೆ.

ಇವನ್ನೆಲ್ಲ ಕಂಡು "ಈ ಜನರ ಸ್ವಭಾವವೇ ವಿಚಿತ್ರ" ಎಂದು ತೀರ್ಮಾನಿಸುವುದು ಸುಲಭ. ಎಷ್ಟೋ ಪ್ರವಾಸ ಕಥನಗಳು ಹೀಗೆಯೇ ತೀರ್ಮಾನಿಸಿವೆ. ಆದರೆ ಭೌತವಿಜ್ಞಾನದ ವಿದ್ಯಾರ್ಥಿ ಇಷ್ಟಕ್ಕೆ ತೃಪ್ತನಾಗಲಾರ. ಕಾಣುವ ಪ್ರತಿಯೊಂದು ಭೇದವನ್ನು ಕುರಿತೂ ಅವನು ಕೇಳಬೇಕಾದ ಪ್ರಶ್ನೆ ಒಂದಿದೆ: ಇದು ನಿಸರ್ಗದಿಂದ ಬಂದುದೆ? ಎಂದೋ ಒಂದು ದಿನ ಯಾರೋ ಲೆಕ್ಕ ಹಾಕಿ ಮಾಡಿದ ನಿರ್ಧಾರದಿಂದ ಬಂದುದೆ? ಅಥವಾ ನಿಜವಾಗಿಯೂ ಜನರ ಮನೋಧರ್ಮದಿಂದ ಬಂದುದೆ? ಈ ಮೂರನ್ನೂ ಬೇರ್ಪಡಿಸಿ ನೋಡಿದಾಗ, ಸ್ವಭಾವದ ಲೆಕ್ಕಕ್ಕೆ ಸೇರಿಸಿದ್ದ ಎಷ್ಟೋ ಸಂಗತಿಗಳು ಅಲ್ಲಿಂದ ಹೊರಬೀಳುತ್ತವೆ. ಅಂಥ ಕೆಲವು ಉದಾಹರಣೆಗಳನ್ನು ಈಗ ಪರಿಶೀಲಿಸೋಣ.

ಆಕಾಶ ಮತ್ತು ಕಡಲು

ಮೊದಲು ನಿಸರ್ಗದಿಂದ ಬಂದುದನ್ನು ನೋಡೋಣ. ಲಂಡನ್ ನಗರದ ಅಕ್ಷಾಂಶ ಸುಮಾರು 51.5 ಡಿಗ್ರಿ ಉತ್ತರ, ನ್ಯೂಯಾರ್ಕಿನದು 40.7 ಡಿಗ್ರಿ. ಅಲಾಸ್ಕವನ್ನು ಬಿಟ್ಟರೆ ಅಮೆರಿಕದ ಯಾವ ಸಂಸ್ಥಾನವೂ ಲಂಡನ್ನಿನಷ್ಟು ಉತ್ತರಕ್ಕಿಲ್ಲ. ಭೂಮಿಯ ಅಕ್ಷ ಸುಮಾರು 23.4 ಡಿಗ್ರಿಯಷ್ಟು ವಾಲಿರುವುದರಿಂದ, ಡಿಸೆಂಬರ್ 21ರ ಸುಮಾರಿಗೆ ಲಂಡನ್ನಿನ ನಡುಹಗಲಿನ ಸೂರ್ಯನು ದಿಗಂತದಿಂದ ಮೇಲಕ್ಕೆ ಏರುವುದು 90ರಲ್ಲಿ 51.5 ಮತ್ತು 23.4ನ್ನು ಕಳೆದಷ್ಟು, ಎಂದರೆ ಕೇವಲ 15 ಡಿಗ್ರಿ. ಆಗ ಆರಡಿ ಎತ್ತರದ ಮನುಷ್ಯನ ನೆರಳು ನಡುಹಗಲಿನಲ್ಲಿಯೂ 22 ಅಡಿ ಉದ್ದವಿರುತ್ತದೆ. ಅದೇ ದಿನ ಅದೇ ಎತ್ತರದವನು ಬೆಂಗಳೂರಿನಲ್ಲಿ ನಿಂತರೆ ಅವನ ನೆರಳು ನಾಲ್ಕೂವರೆ ಅಡಿಯನ್ನೂ ಮುಟ್ಟದು. ಚಳಿಗಾಲದ ಆ ದಿನ ಲಂಡನ್ನಿನಲ್ಲಿ ಹಗಲು ಎಂಟು ಗಂಟೆಗೂ ಕಡಿಮೆ. ನ್ಯೂಯಾರ್ಕಿನಲ್ಲಿ ಒಂಬತ್ತೂಕಾಲು ಗಂಟೆ. ಜೂನ್ ತಿಂಗಳಿನಲ್ಲಿ ಇದು ತಿರುಗುಮುರುಗಾಗಿ, ಲಂಡನ್ನಿನ ಹಗಲು ಹದಿನಾರೂವರೆ ಗಂಟೆಗೆ ಬೆಳೆಯುತ್ತದೆ. ಬೇಸಗೆಯ ಇಳಿಬಿಸಿಲಿನಲ್ಲಿ ಬ್ರಿಟಿಷರು ರಾತ್ರಿ ಒಂಬತ್ತರವರೆಗೂ ತೋಟಗಳಲ್ಲಿ ಕುಳಿತಿರುವುದನ್ನೂ, ಚಳಿಗಾಲದಲ್ಲಿ ಬೇಗನೆ ಒಳಸೇರಿ ಒಲೆಯ ಮುಂದೆ ಕೂರುವುದನ್ನೂ ಕಂಡ ಅತಿಥಿ ಅದನ್ನು ಅವರ ಅಭಿರುಚಿಯೆಂದುಕೊಳ್ಳಬಹುದು. ಆದರೆ ಅಭಿರುಚಿಗಿಂತ ಮುಂಚೆ ಅಲ್ಲಿ ಭೂಮಿಯ ವಾಲಿಕೆ ಇದೆ.

ಇಷ್ಟು ಉತ್ತರಕ್ಕಿದ್ದರೂ ಲಂಡನ್ನಿನ ಚಳಿ ನ್ಯೂಯಾರ್ಕಿನಷ್ಟು ಕಠಿನವಲ್ಲ. ಎರಡು ಊರುಗಳ ಮೇಲೂ ಗಾಳಿ ಬಹುವಾಗಿ ಪಶ್ಚಿಮದಿಂದಲೇ ಬೀಸುತ್ತದೆ. ನ್ಯೂಯಾರ್ಕಿಗೆ ಬರುವ ಗಾಳಿ ಹೆಪ್ಪುಗಟ್ಟಿದ ಖಂಡವನ್ನು ಹಾದು ಬರುತ್ತದೆ. ಬ್ರಿಟನ್ನಿಗೆ ಬರುವ ಗಾಳಿ ಅಟ್ಲಾಂಟಿಕ್ ಸಾಗರವನ್ನು ಹಾದು ಬರುತ್ತದೆ. ನೀರಿನ ವಿಶಿಷ್ಟೋಷ್ಣ ಅಧಿಕವಾದುದರಿಂದ ಕಡಲು ಬೇಸಗೆಯ ಶಾಖವನ್ನು ಕೂಡಿಟ್ಟುಕೊಂಡು ಚಳಿಗಾಲದಲ್ಲಿ ನಿಧಾನವಾಗಿ ಬಿಟ್ಟುಕೊಡುತ್ತದೆ. ದಕ್ಷಿಣದಿಂದ ಹರಿದು ಬರುವ ಬೆಚ್ಚನೆಯ ಸಾಗರ ಪ್ರವಾಹವೂ ಇದಕ್ಕೆ ನೆರವಾಗುತ್ತದೆ. ಆದರೆ ಅದೇ ಪಶ್ಚಿಮದ ಗಾಳಿ ಮೋಡಗಳನ್ನೂ ಹೊತ್ತು ತರುವುದರಿಂದ ಬೆಳಗಿನ ಬಿಸಿಲು ಮಧ್ಯಾಹ್ನಕ್ಕೆ ಉಳಿಯುವುದೆಂಬ ಭರವಸೆಯಿಲ್ಲ. ಅಪರಿಚಿತರಿಬ್ಬರು ಭೇಟಿಯಾದೊಡನೆ ಹವೆಯ ಮಾತೆತ್ತುವ ಬ್ರಿಟಿಷ್ ಪದ್ಧತಿಯನ್ನು ಕಂಡು ಅಮೆರಿಕನ್ನರು ನಗುವುದುಂಟು. ಗಳಿಗೆಗೊಂದು ಬಣ್ಣ ತಾಳುವ ಆಕಾಶದ ಕೆಳಗೆ ಬಾಳುವವರಿಗೆ ಅದಕ್ಕಿಂತ ಸಹಜವಾದ ವಿಷಯ ಬೇರೆ ಯಾವುದಿದ್ದೀತು?

ಕೆಟಲಿನ ಲೆಕ್ಕ

ಇನ್ನು ಅಡುಗೆಮನೆಗೆ ಬರೋಣ. ಬ್ರಿಟನ್ನಿನ ಬಹುತೇಕ ಎಲ್ಲ ಮನೆಗಳಲ್ಲಿಯೂ ನೀರು ಕುದಿಸುವ ವಿದ್ಯುತ್ ಕೆಟಲ್ ಇರುತ್ತದೆ. ಅಮೆರಿಕದ ಅನೇಕ ಮನೆಗಳಲ್ಲಿ ಅದಿಲ್ಲ. ಇದಕ್ಕೆ ಬ್ರಿಟಿಷರ ಚಹಾಪ್ರೀತಿಯೊಂದೇ ಕಾರಣವೆಂದು ಹೇಳುವುದು ವಾಡಿಕೆ. ಚಹಾಪ್ರೀತಿ ಸುಳ್ಳಲ್ಲ, ಆದರೆ ಅದರ ಜೊತೆಗೆ ವೋಲ್ಟೇಜಿನ ಕಥೆಯೂ ಸೇರಿದೆ.

ಥಾಮಸ್ ಎಡಿಸನ್ 1882ರಲ್ಲಿ ನ್ಯೂಯಾರ್ಕಿನ ಪರ್ಲ್ ಬೀದಿಯಲ್ಲಿ ವಿದ್ಯುತ್ ಕೇಂದ್ರವನ್ನು ಆರಂಭಿಸಿದಾಗ, ಅಂದಿನ ಇಂಗಾಲದ ತಂತಿಯ ದೀಪಗಳಿಗೆ ಒಪ್ಪುವಂತೆ ಸುಮಾರು 110 ವೋಲ್ಟನ್ನು ಆರಿಸಿಕೊಂಡನು. ದೀಪಗಳು ಊರೂರಿಗೆ ಹಬ್ಬಿದ ಮೇಲೆ ಅದನ್ನು ಬದಲಿಸುವುದು ಕಷ್ಟವಾಯಿತು. ಇಂದಿಗೂ ಅಮೆರಿಕದ ಗೋಡೆಯ ಸಾಕೆಟ್ಟಿನಲ್ಲಿ ದೊರೆಯುವುದು 120 ವೋಲ್ಟ್. ಒಲೆ, ಬಟ್ಟೆ ಒಣಗಿಸುವ ಯಂತ್ರ ಮೊದಲಾದ ದೊಡ್ಡ ಉಪಕರಣಗಳಿಗೆ ಮಾತ್ರ ಅದರ ಇಮ್ಮಡಿಯನ್ನು ಪ್ರತ್ಯೇಕವಾಗಿ ಒದಗಿಸುತ್ತಾರೆ. ಬ್ರಿಟನ್ನಿನಲ್ಲಿ ಎಲ್ಲ ಸಾಕೆಟ್ಟುಗಳಲ್ಲಿಯೂ ದೊರೆಯುವುದು 230 ವೋಲ್ಟ್.

ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವಾಟ್ ಬರುತ್ತದೆಯಷ್ಟೆ. ಬ್ರಿಟನ್ನಿನ ಪ್ಲಗ್ಗಿನ ಮಿತಿ 13 ಆಂಪಿಯರ್. ಆದುದರಿಂದ ಅದು ಸುಮಾರು 3,000 ವಾಟ್ ಸಾಮರ್ಥ್ಯದ ಕೆಟಲನ್ನು ನಡೆಸಬಲ್ಲದು. ಅಮೆರಿಕದ ಸಾಮಾನ್ಯ ಸಾಕೆಟ್ಟಿನ ಮಿತಿ 15 ಆಂಪಿಯರ್. ಲೆಕ್ಕದಂತೆ 1,800 ವಾಟ್ ದೊರೆಯಬೇಕಾದರೂ ಸುರಕ್ಷತೆಗಾಗಿ ಅಲ್ಲಿನ ಕೆಟಲುಗಳನ್ನು ಸಾಮಾನ್ಯವಾಗಿ 1,500 ವಾಟಿಗೆ ತಯಾರಿಸುತ್ತಾರೆ. ಒಂದು ಲೀಟರ್ ನೀರನ್ನು 15 ಡಿಗ್ರಿ ಸೆಲ್ಸಿಯಸ್ಸಿನಿಂದ ಕುದಿಯುವ ಬಿಂದುವಿಗೆ ತರಲು ಬೇಕಾದ ಶಾಖ ಸುಮಾರು 3,56,000 ಜೂಲ್. ಇದನ್ನು 3,000ದಿಂದ ಭಾಗಿಸಿದರೆ ಎರಡು ನಿಮಿಷ, 1,500ರಿಂದ ಭಾಗಿಸಿದರೆ ನಾಲ್ಕು ನಿಮಿಷ. ಹೊರಕ್ಕೆ ನಷ್ಟವಾಗುವ ಶಾಖವನ್ನು ಇಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ. ಮೇಜಿನ ಬಳಿ ನಿಂತು ಕಾಯುವವನಿಗೆ ಈ ಎರಡು ನಿಮಿಷಗಳ ಅಂತರ ಅಲ್ಪವಲ್ಲ.

ಈ ಅಭ್ಯಾಸದ ಗಾತ್ರವನ್ನು ವಿದ್ಯುತ್ ಜಾಲದ ಅಧಿಕಾರಿಗಳು ಮೆಗಾವಾಟುಗಳಲ್ಲಿ ಅಳೆದಿದ್ದಾರೆ. 1990ರ ಜುಲೈ 4ರಂದು ವಿಶ್ವಕಪ್ ಫುಟ್‌ಬಾಲ್ ಪಂದ್ಯಾವಳಿಯ ಉಪಾಂತ್ಯದಲ್ಲಿ ಇಂಗ್ಲೆಂಡ್ ತಂಡ ಪಶ್ಚಿಮ ಜರ್ಮನಿಗೆ ಸೋತಿತು. ಆಟ ಮುಗಿದೊಡನೆ ದೂರದರ್ಶನದ ಮುಂದಿನಿಂದ ಜನರೆಲ್ಲ ಒಟ್ಟಿಗೆ ಎದ್ದರು. ಬ್ರಿಟನ್ನಿನ ವಿದ್ಯುತ್ ಬೇಡಿಕೆ ಸುಮಾರು 2,800 ಮೆಗಾವಾಟಿನಷ್ಟು ಥಟ್ಟನೆ ಏರಿತು. ಅದೆಲ್ಲವೂ ಕೆಟಲುಗಳಿಂದಲೇ ಬಂದುದೆಂದು ಭಾವಿಸಿದರೆ, ಒಂಬತ್ತು ಲಕ್ಷಕ್ಕೂ ಹೆಚ್ಚು ಕೆಟಲುಗಳು ಏಕಕಾಲದಲ್ಲಿ ಹೊತ್ತಿಕೊಂಡಂತಾಯಿತು. ಇಂಥ ಏರಿಕೆಗಳನ್ನು ತಡೆದುಕೊಳ್ಳಲು ವೇಲ್ಸ್ ಪ್ರಾಂತದ ಡಿನೋರ್ವಿಗ್ ಎಂಬಲ್ಲಿ, ಬೆಟ್ಟದ ಒಡಲಿನೊಳಗೆ, 1984ರಿಂದ ಜಲವಿದ್ಯುತ್ ಕೇಂದ್ರವೊಂದು ಕೆಲಸ ಮಾಡುತ್ತಿದೆ. ಬೇಡಿಕೆ ಕಡಿಮೆಯಿರುವಾಗ ಕೆಳಗಿನ ಸರೋವರದ ನೀರನ್ನು ಮೇಲಿನ ಸರೋವರಕ್ಕೆ ಏರಿಸಿಟ್ಟು, ಬೇಕಾದಾಗ ಕೆಲವೇ ಸೆಕೆಂಡುಗಳಲ್ಲಿ ಕೆಳಕ್ಕೆ ಬಿಡುತ್ತಾರೆ.

ಬ್ರಿಟನ್ನಿನ ಪ್ಲಗ್ಗು ಅಮೆರಿಕನ್ನನ ಕಣ್ಣಿಗೆ ಬಲು ದಪ್ಪ. ಅದರ ಹೊಟ್ಟೆಯೊಳಗೊಂದು ಪುಟ್ಟ ಫ್ಯೂಸ್ ಬೇರೆ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಬ್ರಿಟನ್ನಿಗೆ ಲಕ್ಷಾಂತರ ಮನೆಗಳನ್ನು ಕಟ್ಟಬೇಕಾಗಿತ್ತು; ತಾಮ್ರ ಸಾಲದಾಗಿತ್ತು. ಆದುದರಿಂದ ಪ್ರತಿಯೊಂದು ಸಾಕೆಟ್ಟಿಗೂ ಬೇರೆ ಬೇರೆ ತಂತಿಯನ್ನೆಳೆಯದೆ, ಒಂದೇ ತಂತಿಯನ್ನು ಉಂಗುರದಂತೆ ಎಲ್ಲ ಸಾಕೆಟ್ಟುಗಳಿಗೂ ಸುತ್ತಿಸಿ ಹೊರಟಲ್ಲಿಗೇ ತಂದು ಸೇರಿಸುವ ಪದ್ಧತಿ ಬಂದಿತು. ಈ ಉಂಗುರಕ್ಕೆ ಸುಮಾರು 30 ಆಂಪಿಯರಿನ ಫ್ಯೂಸ್. ಮೇಜಿನ ದೀಪದ ತೆಳುವಾದ ತಂತಿಯಲ್ಲಿ ದೋಷವುಂಟಾದರೆ ಈ ದೊಡ್ಡ ಫ್ಯೂಸ್ ಕರಗುವ ಮೊದಲೇ ಆ ತಂತಿ ಕಾದು ಬೆಂಕಿ ಹತ್ತಬಹುದು. ಆದುದರಿಂದ ಪ್ರತಿಯೊಂದು ಪ್ಲಗ್ಗಿಗೂ ತನ್ನದೇ ಆದ ಫ್ಯೂಸನ್ನು ಕೊಟ್ಟರು. 1947ರಲ್ಲಿ ಈ ಪ್ಲಗ್ಗಿನ ಮಾನಕ ಪ್ರಕಟವಾಯಿತು. ಇದು ತಾಮ್ರವನ್ನು ಉಳಿಸಲು ಮಾಡಿದ ಏರ್ಪಾಡು. ಬ್ರಿಟಿಷರ ಅತಿಜಾಗರೂಕತೆಯ ಲಕ್ಷಣವಲ್ಲ.

ಸ್ನಾನದ ಮನೆ

ಒದ್ದೆಯಾದ ಚರ್ಮದ ವಿದ್ಯುತ್ ರೋಧ ಒಣಗಿದ ಚರ್ಮದ್ದಕ್ಕಿಂತ ಬಹಳ ಕಡಿಮೆ. ಅದೇ ವೋಲ್ಟೇಜಿಗೆ ಒದ್ದೆ ಮೈಯಲ್ಲಿ ಹೆಚ್ಚು ಪ್ರವಾಹ ಹರಿಯುತ್ತದೆ. ಸ್ನಾನದ ಮನೆಯ ಅಪಾಯಕ್ಕೆ ಇದೇ ಮೂಲ. ಎರಡು ದೇಶಗಳೂ ಈ ಅಪಾಯವನ್ನು ಅರಿತಿವೆ. ಪರಿಹಾರಗಳು ಮಾತ್ರ ಬೇರೆ. ಬ್ರಿಟನ್ ಅಪಾಯವನ್ನು ದೂರವಿಟ್ಟಿತು: ಸ್ನಾನದ ತೊಟ್ಟಿಯ ಹತ್ತಿರ ಸಾಮಾನ್ಯ ಸಾಕೆಟ್ ಕೂಡದು, ದೀಪವನ್ನು ಅನೇಕ ಮನೆಗಳಲ್ಲಿ ಸೂರಿನಿಂದ ಇಳಿಬಿಟ್ಟ ದಾರವನ್ನೆಳೆದು ಹತ್ತಿಸುತ್ತಾರೆ, ಕ್ಷೌರದ ಯಂತ್ರಕ್ಕೆ ಮಾತ್ರ, ಪರಿವರ್ತಕದ ಮೂಲಕ ಭೂಸಂಪರ್ಕದಿಂದ ಬೇರ್ಪಡಿಸಿದ, ಚಿಕ್ಕ ಸಾಕೆಟ್ ಇರಬಹುದು. ಅಮೆರಿಕ ಸಾಕೆಟ್ಟನ್ನು ಬೋಗುಣಿಯ ಪಕ್ಕದಲ್ಲಿಯೇ ಉಳಿಸಿಕೊಂಡು ಅದಕ್ಕೊಂದು ಕಾವಲನ್ನು ಇರಿಸಿತು. ಹೋಗುವ ಪ್ರವಾಹಕ್ಕೂ ಮರಳುವ ಪ್ರವಾಹಕ್ಕೂ ಸುಮಾರು 5 ಮಿಲಿ ಆಂಪಿಯರಿನಷ್ಟು ಅಂತರ ಬಂದರೂ ಸಾಕು, ಯಾರದೋ ಮೈಮೂಲಕ ಪ್ರವಾಹ ಸೋರುತ್ತಿದೆಯೆಂದು ತಿಳಿದು ಆ ಉಪಕರಣ ಕ್ಷಣಮಾತ್ರದಲ್ಲಿ ಸಂಪರ್ಕವನ್ನು ಕಡಿದುಬಿಡುತ್ತದೆ. ಹೀಗೆ ಒಂದೇ ಸಮಸ್ಯೆಗೆ ಎರಡು ಸರಿಯುತ್ತರಗಳು. ಒಂದರಲ್ಲಿ ಬೆಳೆದವನಿಗೆ ಇನ್ನೊಂದು ಹುಚ್ಚಾಗಿ ತೋರುತ್ತದೆ.

ಎರಡು ನಲ್ಲಿಗಳ ಕಥೆಯೂ ಇಂಥದೇ. ಬ್ರಿಟನ್ನಿನ ಹಳೆಯ ಮನೆಗಳಲ್ಲಿ ತಣ್ಣೀರು ಬೀದಿಯ ಕೊಳವೆಯಿಂದ ನೇರವಾಗಿ ಹೆಚ್ಚಿನ ಒತ್ತಡದಲ್ಲಿ ಬರುತ್ತಿತ್ತು. ಬಿಸಿನೀರಿನ ಹಂಡೆಗೆ ನೀರು ಇಳಿಯುತ್ತಿದ್ದುದು ಅಟ್ಟದ ಮೇಲಿನ ತೊಟ್ಟಿಯಿಂದ. ಅದರ ಒತ್ತಡ ಕೆಲವು ಮೀಟರುಗಳ ನೀರಿನ ಎತ್ತರದಷ್ಟು ಮಾತ್ರ. ಇವೆರಡನ್ನೂ ಒಂದೇ ನಲ್ಲಿಯೊಳಗೆ ಕೂಡಿಸಿದರೆ ಹೆಚ್ಚಿನ ಒತ್ತಡದ ನೀರು ಕಡಿಮೆ ಒತ್ತಡದ ಕೊಳವೆಯೊಳಕ್ಕೆ ನುಗ್ಗೀತು. ಬೀದಿಯ ಕೊಳವೆಯಲ್ಲಿ ಎಂದಾದರೂ ಒತ್ತಡ ಕುಸಿದರೆ ಅಟ್ಟದ ತೊಟ್ಟಿಯ ನಿಂತ ನೀರು ಊರಿನ ಕುಡಿಯುವ ನೀರಿಗೆ ಬೆರೆತೀತು. ಈ ಭಯದಿಂದ ಎರಡನ್ನೂ ಬೇರೆಯಾಗಿಯೇ ಇಟ್ಟರು. ಈಗಿನ ಹೊಸ ಮನೆಗಳಲ್ಲಿ ಅಟ್ಟದ ತೊಟ್ಟಿ ಬೇಕಿಲ್ಲ, ಕೂಡುನಲ್ಲಿಗಳು ಸಾಮಾನ್ಯವಾಗಿವೆ. ಆದರೂ ಹಳೆಯ ಮನೆಗಳಲ್ಲಿ ಕಾರಣ ಹೋದ ಮೇಲೂ ಅಭ್ಯಾಸ ಉಳಿದುಕೊಂಡಿದೆ.

ಯಾರು ಬದಲಾದವರು?

ಅಳತೆಗಳ ವಿಷಯದಲ್ಲಿ ಅತಿಥಿಯ ಗೊಂದಲ ಇನ್ನೂ ಹೆಚ್ಚು. ಬ್ರಿಟನ್ನಿನ ಪೈಂಟ್ 568 ಮಿಲಿಲೀಟರ್, ಅಮೆರಿಕದ್ದು 473. ಪೈಂಟಿನಲ್ಲಿ ಬಿಯರ್ ಕುಡಿಯುವವನು ಲಂಡನ್ನಿನಲ್ಲಿ ಐದನೆಯ ಒಂದು ಪಾಲು ಹೆಚ್ಚಾಗಿಯೇ ಕುಡಿಯುತ್ತಾನೆ. ಗ್ಯಾಲನ್ನಿಗೆ 40 ಮೈಲಿ ಓಡುವ ಬ್ರಿಟಿಷ್ ಕಾರು ಅಮೆರಿಕದ ಗ್ಯಾಲನ್ನಿಗೆ ಓಡುವುದು 33 ಮೈಲಿ. ಇವರಲ್ಲಿ ಮೂಲವನ್ನು ಕೆಡಿಸಿದವರು ಯಾರು?

ಅಮೆರಿಕನ್ನರೇ ಇರಬೇಕೆಂದು ಬ್ರಿಟಿಷರಲ್ಲಿ ಅನೇಕರು ನಂಬುತ್ತಾರೆ. ಇತಿಹಾಸ ಹೇಳುವುದು ಬೇರೆ. ಅಮೆರಿಕದ ಗ್ಯಾಲನ್ 231 ಘನ ಅಂಗುಲ. ಇದು ಇಂಗ್ಲೆಂಡಿನಲ್ಲಿ ರಾಣಿ ಆನ್ ಆಳುತ್ತಿದ್ದಾಗ ಬಳಕೆಯಲ್ಲಿದ್ದ ದ್ರಾಕ್ಷಾರಸದ ಗ್ಯಾಲನ್. ಅಮೆರಿಕ ಸ್ವತಂತ್ರವಾದ ಮೇಲೆ, 1824ರಲ್ಲಿ, ಬ್ರಿಟನ್ ತನ್ನ ಹಲವು ಗ್ಯಾಲನ್ನುಗಳನ್ನು ಕೈಬಿಟ್ಟು, ಹತ್ತು ಪೌಂಡ್ ನೀರು ಹಿಡಿಯುವ ಹೊಸ ಗ್ಯಾಲನ್ನನ್ನು ಶಾಸನದಿಂದ ಸ್ಥಾಪಿಸಿತು. ತವರು ಬಿಟ್ಟುದನ್ನು ಮಗಳು ಉಳಿಸಿಕೊಂಡಳು! ಫ್ಯಾರನ್‌ಹೀಟ್ ಮಾನವೂ ಹೀಗೆಯೇ. ಬ್ರಿಟನ್ನಿನ ಹವಾಮಾನ ಇಲಾಖೆ 1962ರಲ್ಲಿ ಸಾರ್ವಜನಿಕ ವರದಿಗಳಲ್ಲಿ ಸೆಲ್ಸಿಯಸ್ ಮಾನವನ್ನು ತಂದಿತು. ಅಮೆರಿಕ ಹಳೆಯದರಲ್ಲಿಯೇ ಉಳಿಯಿತು. ಇಂದು ಲಂಡನ್ನಿನಲ್ಲಿ "ಮೂವತ್ತು ಡಿಗ್ರಿ" ಎಂದು ಕೇಳಿದ ಅಮೆರಿಕನ್ನನು ಕೋಟು ಹುಡುಕಿಯಾನು. ಅವನ ಮೂವತ್ತರಲ್ಲಿ ನೀರು ಹೆಪ್ಪುಗಟ್ಟಿರುತ್ತದೆ. ಫುಟ್‌ಬಾಲನ್ನು 'ಸಾಕರ್' ಎನ್ನುವ ಅಮೆರಿಕನ್ನರನ್ನು ಬ್ರಿಟಿಷರು ಹಾಸ್ಯಮಾಡುವುದುಂಟು. ಆ ಪದವೂ ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿಯೇ ಹುಟ್ಟಿದುದು.

ನಾಣ್ಯದಲ್ಲಿ ಮಾತ್ರ ಮಗಳೇ ಮುಂದೆ ನಡೆದಳು. ಡಾಲರಿಗೆ ನೂರು ಸೆಂಟ್ ಎಂಬ ದಶಮಾಂಶ ಪದ್ಧತಿಯನ್ನು ಅಮೆರಿಕ 1792ರಲ್ಲಿಯೇ ಶಾಸನದಿಂದ ತಂದಿತು. ಪೌಂಡಿಗೆ ಇಪ್ಪತ್ತು ಷಿಲಿಂಗ್, ಷಿಲಿಂಗಿಗೆ ಹನ್ನೆರಡು ಪೆನ್ಸ್ ಎಂಬ ಲೆಕ್ಕವನ್ನು ಬ್ರಿಟನ್ ಬಿಟ್ಟುದು 1971ರ ಫೆಬ್ರುವರಿ 15ರಂದು. ನಮ್ಮ ದೇಶ 1957ರಲ್ಲಿಯೇ ಆಣೆ ಕಾಸುಗಳನ್ನು ಬಿಟ್ಟು ನಯಾಪೈಸೆಗೆ ಬಂದಿತ್ತೆಂಬುದನ್ನು ಇಲ್ಲಿ ನೆನೆಯಬಹುದು. ಬ್ರಿಟನ್ನಿನ ಬದಲಾವಣೆ ಇಂದಿಗೂ ಪೂರ್ತಿಯಾಗಿಲ್ಲ. ಪೆಟ್ರೋಲನ್ನು ಲೀಟರಿನಲ್ಲಿ ಮಾರುತ್ತಾರೆ, ದಾರಿಯನ್ನು ಮೈಲಿಯಲ್ಲಿ ಅಳೆಯುತ್ತಾರೆ; ತಮ್ಮ ಮೈತೂಕವನ್ನು ಅನೇಕರು 14 ಪೌಂಡಿನ 'ಸ್ಟೋನ್' ಲೆಕ್ಕದಲ್ಲಿಯೇ ಹೇಳುತ್ತಾರೆ. ಅಂಥವನು "ನಾನು ಹನ್ನೊಂದು ಸ್ಟೋನ್" ಎಂದರೆ ಅಮೆರಿಕನ್ನನು 154 ಪೌಂಡ್ ಎಂದು ಮನಸ್ಸಿನಲ್ಲಿಯೇ ಗುಣಿಸಿಕೊಳ್ಳಬೇಕು. ನಮ್ಮ ಲೆಕ್ಕಕ್ಕೆ ಅದು 70 ಕಿಲೋಗ್ರಾಂ.

ಬಲಕ್ಕೆ ನೋಡಿ

ಇಂಥ ಭೇದಗಳು ಬರಿಯ ಕುತೂಹಲದ ಸಂಗತಿಗಳಲ್ಲ. ಒಮ್ಮೊಮ್ಮೆ ಪ್ರಾಣಕ್ಕೇ ಬರುತ್ತವೆ. ಬ್ರಿಟನ್ನಿನಲ್ಲಿ ವಾಹನಗಳು ರಸ್ತೆಯ ಎಡಭಾಗದಲ್ಲಿ ಸಾಗುತ್ತವೆ, ಅಮೆರಿಕದಲ್ಲಿ ಬಲಭಾಗದಲ್ಲಿ. ರಸ್ತೆಗಿಳಿಯುವಾಗ ಅಮೆರಿಕನ್ನನ ಕಣ್ಣು ತಾನಾಗಿಯೇ ಎಡಕ್ಕೆ ಹೊರಳುತ್ತದೆ; ಬ್ರಿಟನ್ನಿನಲ್ಲಿ ವಾಹನ ಬರುವುದು ಬಲಗಡೆಯಿಂದ. ಲಂಡನ್ನಿನ ಬೀದಿಗಳಲ್ಲಿ ದಾಟುವೆಡೆ "ಬಲಕ್ಕೆ ನೋಡಿ" ಎಂದು ನೆಲದ ಮೇಲೆಯೇ ದೊಡ್ಡ ಅಕ್ಷರಗಳಲ್ಲಿ ಬರೆದಿರುವುದು ಇದಕ್ಕಾಗಿಯೇ.

ಇದರ ತಿರುಗುಮುರುಗಾದ ಪ್ರಸಂಗವೊಂದು ಪ್ರಸಿದ್ಧವಾಗಿದೆ. 1931ರ ಡಿಸೆಂಬರ್ 13ರ ರಾತ್ರಿ ವಿನ್‌ಸ್ಟನ್ ಚರ್ಚಿಲ್ ನ್ಯೂಯಾರ್ಕಿನ ಐದನೆಯ ಅವೆನ್ಯೂ ಎಂಬ ಬೀದಿಯನ್ನು ದಾಟುತ್ತಿದ್ದಾಗ, ಬ್ರಿಟಿಷ್ ಅಭ್ಯಾಸದಂತೆ ನೋಡಬಾರದ ದಿಕ್ಕಿಗೆ ನೋಡಿ, ಕಾರೊಂದಕ್ಕೆ ಸಿಕ್ಕಿ ಬಿದ್ದರು. ಅವರ ತಾಯಿ ಅಮೆರಿಕದವರೇ. ಆ ದೇಶ ಅವರಿಗೆ ಹೊಸದಾಗಿರಲಿಲ್ಲ. ಆದರೂ ಅಭ್ಯಾಸ ಅರಿವಿಗಿಂತ ಮುಂದೆ ಓಡಿತು. ಗುಣಮುಖರಾಗುತ್ತಿದ್ದಾಗ ಅವರು ತಮ್ಮ ಮಿತ್ರರಾದ ಆಕ್ಸ್‌ಫರ್ಡಿನ ಭೌತವಿಜ್ಞಾನಿ ಫ್ರೆಡರಿಕ್ ಲಿಂಡಮನ್ನರಿಂದ ಆ ಆಘಾತದ ಲೆಕ್ಕವನ್ನು ಕೇಳಿ ತರಿಸಿಕೊಂಡರು. ಅದು ಮೂವತ್ತು ಅಡಿ ಎತ್ತರದಿಂದ ಕಲ್ಲುನೆಲಕ್ಕೆ ಬಿದ್ದುದಕ್ಕೆ ಸಮ ಎಂದು ಲಿಂಡಮನ್ ತಂತಿ ಕಳುಹಿಸಿದರು.

ಈ ಲೆಕ್ಕವನ್ನು ನಾವೂ ಮಾಡಿ ನೋಡಬಹುದು. ಕಾರಿನ ವೇಗ ಗಂಟೆಗೆ 30 ಮೈಲಿ ಇದ್ದಿತೆಂದು ಇಟ್ಟುಕೊಳ್ಳೋಣ. ಎಂದರೆ ಸೆಕೆಂಡಿಗೆ 44 ಅಡಿ. ಬೀಳುವ ವಸ್ತುವಿನ ವೇಗದ ವರ್ಗವನ್ನು ಗುರುತ್ವ ವೇಗೋತ್ಕರ್ಷದ ಇಮ್ಮಡಿಯಿಂದ, ಎಂದರೆ 64ರಿಂದ, ಭಾಗಿಸಿದರೆ ಬಿದ್ದ ಎತ್ತರ ಬರುತ್ತದೆ. 44ರ ವರ್ಗ 1,936. ಇದನ್ನು 64ರಿಂದ ಭಾಗಿಸಿದರೆ ಸುಮಾರು 30 ಅಡಿ. ಉತ್ತರದಲ್ಲಿ ಮನುಷ್ಯನ ತೂಕ ಬರಲೇ ಇಲ್ಲವೆಂಬುದನ್ನು ಗಮನಿಸಬೇಕು. ಊರಿನ ರಸ್ತೆಗಳಲ್ಲಿ ಸಾಧಾರಣವೆನಿಸುವ ಆ ವೇಗದಲ್ಲಿ ಯಾರಿಗೇ ಆಗಲಿ, ಮೂರನೆಯ ಮಹಡಿಯಿಂದ ಬಿದ್ದಷ್ಟು ಪೆಟ್ಟು.

ಮಾತಿನ ಅಳತೆ

ನಿಸರ್ಗವನ್ನೂ ನಿರ್ಧಾರಗಳನ್ನೂ ಕಳೆದ ಮೇಲೆ ಉಳಿಯುವುದೇ ನಿಜವಾದ ಮನೋಧರ್ಮದ ಭೇದ. ಅದು ಇಲ್ಲವೇ ಇಲ್ಲವೆಂದು ನಾವು ಹೇಳುವುದಿಲ್ಲ. ಅಮೆರಿಕನ್ನನು ರೈಲಿನಲ್ಲಿ ಪಕ್ಕದವನೊಡನೆ ಸುಲಭವಾಗಿ ಮಾತಿಗಿಳಿಯುತ್ತಾನೆ. ಬ್ರಿಟಿಷನು ಬಹುಶಃ ಪತ್ರಿಕೆಯಿಂದ ತಲೆಯೆತ್ತುವುದಿಲ್ಲ. ಮೆಚ್ಚುಗೆಯನ್ನು ಒಬ್ಬನು ಏರಿಸಿ ಹೇಳಿದರೆ ಇನ್ನೊಬ್ಬನು ಇಳಿಸಿ ಹೇಳುತ್ತಾನೆ. 'ಕ್ವೈಟ್ ಗುಡ್' ಎಂದರೆ ಅಮೆರಿಕದಲ್ಲಿ ತುಂಬ ಚೆನ್ನಾಗಿದೆಯೆಂದು ಅರ್ಥ. ಬ್ರಿಟನ್ನಿನಲ್ಲಿ ಹಲವು ವೇಳೆ ಪರವಾಯಿಲ್ಲ ಎಂದಷ್ಟೇ. ಇಂಗ್ಲಿಷ್ ಸಹೋದ್ಯೋಗಿಯ ಮಾತನ್ನು ತನ್ನ ಅಳತೆಗೋಲಿನಿಂದ ಅಳೆದ ಅಮೆರಿಕನ್ನನು ಬೈಗುಳವನ್ನೇ ಹೊಗಳಿಕೆಯೆಂದು ತಿಳಿದಾನು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಎರಡೂ ದೇಶಗಳ ಸೇನಾಧಿಕಾರಿಗಳು ಕೂಡಿದ ಸಭೆಯಲ್ಲಿ ಒಂದು ವಿಷಯವನ್ನು 'ಟೇಬಲ್' ಮಾಡುವ ಬಗೆಗೆ ದೀರ್ಘವಾದ, ಕಟುವಾದ ವಾದ ನಡೆಯಿತೆಂದು ಚರ್ಚಿಲ್ ತಮ್ಮ ಯುದ್ಧ ಇತಿಹಾಸದಲ್ಲಿ ಬರೆದಿದ್ದಾರೆ. ಬ್ರಿಟಿಷರಿಗೆ ಆ ಪದದ ಅರ್ಥ ಒಡನೆಯೇ ಚರ್ಚೆಗೆ ತರುವುದು, ಅಮೆರಿಕನ್ನರಿಗೆ ಬದಿಗಿರಿಸುವುದು. ಇಬ್ಬರಿಗೂ ಬೇಕಾಗಿದ್ದುದು ಒಂದೇ! ಗ್ಯಾಲನ್ನಿನ ಭೇದ ಸಂಖ್ಯೆಯಲ್ಲಿ ಕಾಣುವುದರಿಂದ ಎಚ್ಚರಿಸುತ್ತದೆ; ಪದದ ಭೇದ ಒಂದೇ ಉಚ್ಚಾರದ ಹಿಂದೆ ಅಡಗಿರುವುದರಿಂದ ಎಚ್ಚರಿಸುವುದಿಲ್ಲ. ಪೂರ್ತಿ ಪರಭಾಷೆಯಾದರೆ ಅರ್ಥವಾಗಲಿಲ್ಲವೆಂದಾದರೂ ತಿಳಿಯುತ್ತದೆ.

ಕನ್ನಡ ನಾಡಿನ ವಿದ್ಯಾರ್ಥಿಗಳಿಗೆ ಇದರಲ್ಲಿ ದೂರದ ಆಸಕ್ತಿ ಮಾತ್ರವಲ್ಲ, ಹತ್ತಿರದ ಸಂಬಂಧವೂ ಇದೆ. ಎಡಗಡೆಯ ಸಂಚಾರ, ಕೆಳಕ್ಕೊತ್ತಿದರೆ ಹತ್ತುವ ದೀಪ, ನೆಲದ ಮೇಲಿನದನ್ನು ಮೊದಲನೆಯದೆಂದು ಎಣಿಸುವ ಮಹಡಿ, ಇವೆಲ್ಲ ನಮಗೆ ಬ್ರಿಟಿಷರಿಂದಲೇ ಬಂದವು. ನಮ್ಮ ಮನೆಗಳ ಮೂರು ದುಂಡು ಕಡ್ಡಿಗಳ ಪ್ಲಗ್ಗು ಕೂಡ ಅವರು 1947ರ ಮಾನಕ ಬಂದ ಮೇಲೆ ಕ್ರಮೇಣ ಕೈಬಿಟ್ಟ ಹಳೆಯ ಮಾದರಿಯಿಂದ ಇಳಿದುದು. ಅಮೆರಿಕನ್ನರು ಗ್ಯಾಲನ್ನನ್ನು ಉಳಿಸಿಕೊಂಡಂತೆ ನಾವು ಅದನ್ನು ಉಳಿಸಿಕೊಂಡೆವು. ಆದುದರಿಂದ ಬೆಂಗಳೂರಿನಿಂದಲೋ ಧಾರವಾಡದಿಂದಲೋ ಅಮೆರಿಕಕ್ಕೆ ವ್ಯಾಸಂಗಕ್ಕೆ ಹೋಗುವವರು ಅಲ್ಲಿ ಕಾಣುವುದು ಇದೇ ಚಿತ್ರದ ಪ್ರತಿಬಿಂಬವನ್ನು. ಅವರು ರಸ್ತೆ ದಾಟುವಾಗ ಮೊದಲು ಎಡಕ್ಕೆ ನೋಡಬೇಕು; ಭಾರತದಿಂದ ಒಯ್ದ ಕೆಟಲನ್ನು 120 ವೋಲ್ಟಿಗೆ ಸಿಕ್ಕಿಸಿದರೆ, ವೋಲ್ಟೇಜ್ ಸುಮಾರು ಅರ್ಧವಾದಾಗ ಸಾಮರ್ಥ್ಯ ಕಾಲುಭಾಗಕ್ಕಿಳಿಯುವುದೆಂಬ ನಿಯಮವನ್ನು ನೆನೆದು ತಾಳ್ಮೆಯಿಂದ ಕಾಯಬೇಕು. ಅಲ್ಲಿನವರ ನಡತೆಯಲ್ಲಿ ವಿಚಿತ್ರವಾದುದೇನಾದರೂ ಕಂಡರೆ, ಅವರ ಸ್ವಭಾವದ ಮೇಲೆ ತೀರ್ಪು ಕೊಡುವ ಮೊದಲು ಅವರ ಅಕ್ಷಾಂಶವನ್ನೂ, ವೋಲ್ಟೇಜನ್ನೂ, ಹಳೆಯ ಶಾಸನಗಳನ್ನೂ ಒಮ್ಮೆ ವಿಚಾರಿಸಿ ನೋಡುವುದು ಒಳ್ಳೆಯದು.